ಟೂಟೂ ಲೂಕಾಳ ಶ್ರುತಿ

ನಾನು ಒಂದು ಗಿಟಾರು. ವಯಸ್ಸು ಎಪ್ಪತ್ತೈದು. ಬೆನ್ನಿನ ಮೇಲೆ ಉದ್ದನೆಯ ಒಂದು ಬಿರುಕು, ಪಕ್ಕೆಯಲ್ಲಿ ಹುಳ ಕೊರೆದ ಎರಡು ತೂತು, ಕತ್ತು ತುಸು ಮುಂದಕ್ಕೆ ಬಾಗಿದೆ. ಮರದ ಜನ್ಮಕ್ಕೆ ಇದೇನು ಮಹಾ ವಯಸ್ಸು ಎನ್ನುತ್ತಾರೆ. ಹೇಳುವವರಿಗೇನು, ಅವರು ಆರು ತಂತಿಗಳ ಎಳೆತವನ್ನು ಮೈಮೇಲೆ ಹೊತ್ತು ನೋಡಿದವರಲ್ಲ. ನನಗಂತೂ ಸಾಕಾಗಿದೆ. ಮಾತಾಡುವುದೂ ಆಯಾಸವೇ. ಆದರೆ ಹೋದ ವಾರ ಈ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಳಬೇಕಾದರೆ ಬುಡದಿಂದಲೇ ಹೇಳಬೇಕು.

ನಾನು ಹುಟ್ಟಿದ್ದು ಪೆಸಿಫಿಕ್ ಸಾಗರದ ನಟ್ಟನಡುವೆ, ಹವಾಯಿ ದ್ವೀಪದ ಹಿಲೋ ಎಂಬ ಬಂದರಿನಲ್ಲಿ. ಫರಿಯಾ ಎಂಬ ಪೋರ್ಚುಗೀಸ್ ಬಡಗಿ ಪಾದ್ರಿಯೊಬ್ಬರಿಗೆ ಬಟ್ಟೆ ಬೀರು ಮಾಡುತ್ತಿದ್ದ. ಕೋವಾ ಮರದ ಹಲಗೆ. ಕೋವಾ ಎಂದರೆ ನಿಮ್ಮ ಊರಿನ ಜಾಲಿಯ ದೂರದ ನೆಂಟ, ಆದರೆ ಮುಳ್ಳಿಲ್ಲ. ಬೀರು ಮುಗಿದ ಮೇಲೆ ಉಳಿದ ಹಲಗೆಯನ್ನು ಸುಡಲು ಮನಸ್ಸು ಬಾರದೆ ಅವನು ನನ್ನನ್ನು ಮಾಡಿದ. ನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ನನ್ನ ಪಕ್ಕೆಗಳನ್ನು ಬಗ್ಗಿಸಿದ. ಆ ಬೀರು ಈಗಲೂ ಚರ್ಚಿನ ಹಿಂದಿನ ಕೋಣೆಯಲ್ಲಿ ನಿಂತಲ್ಲೇ ನಿಂತಿದೆಯಂತೆ. ಒಂದೇ ಮರದ ಮಕ್ಕಳು ನಾವು. ಅವನಿಗೆ ಪಾದ್ರಿಗಳ ಇಸ್ತ್ರಿ ಮಾಡಿದ ಅಂಗಿಗಳು ಸಿಕ್ಕವು, ನನಗೆ ಊರೂರು ತಿರುಗುವ ಹಣೆಬರಹ ಸಿಕ್ಕಿತು.

ನನ್ನನ್ನು ಕೊಂಡವಳು ಲೂಕಾ. ಅದೇ ದ್ವೀಪದ ಬೆಟ್ಟದ ಮೇಲೆ ದನಗಳ ದೊಡ್ಡ ಕಾವಲು ಇತ್ತು. ಅಲ್ಲಿನ ಸವಾರರಿಗೆ ಅವಳು ಕುದುರೆಯ ಜೀನು ಹೊಲಿದು ಕೊಡುತ್ತಿದ್ದಳು. ಊರಿಗೆಲ್ಲ ಅವಳು ಟೂಟೂ, ಅಂದರೆ ಅಜ್ಜಿ. ದಬ್ಬಳ ಹಿಡಿದು ಹಿಡಿದು ಬೆರಳ ತುದಿ ಚರ್ಮದಷ್ಟೇ ಗಟ್ಟಿಯಾಗಿತ್ತು. ಮೊದಲ ದಿನ ಅವಳ ಕೈಗೆ ಬಿದ್ದಾಗ ನಾನು ಹೆದರಿದ್ದೆ. ಹೆದರಬಾರದಿತ್ತು. ಅಷ್ಟು ಮೆತ್ತಗೆ ನನ್ನನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ನಿಮ್ಮ ವೀಣೆಗೆ, ತಂಬೂರಿಗೆ ಶ್ರುತಿ ಮಾಡುವ ಹಾಗೆ ನನಗೂ ಮಾಡಬೇಕು. ಗಿಟಾರಿಗೆ ಲೋಕವೆಲ್ಲ ಒಪ್ಪಿದ ಒಂದು ಶ್ರುತಿ ಇದೆ. ಹವಾಯಿಯ ದನಗಾಹಿಗಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಕೆಲವು ತಂತಿಗಳನ್ನು ಬೇಕೆಂದೇ ಸಡಿಲಿಸಿ ತಮ್ಮದೇ ಶ್ರುತಿಗಳನ್ನು ಮಾಡಿಕೊಂಡರು. ಒಂದೊಂದು ಮನೆತನಕ್ಕೆ ಒಂದೊಂದು. ಉಪ್ಪಿನಕಾಯಿಯ ಹದದ ಹಾಗೆ ಅದು ಮನೆಯ ಗುಟ್ಟು. ಬೇರೆಯವರು ಗಿಟಾರನ್ನು ಎತ್ತಿಕೊಂಡು ಒಂದು ಸಲ ಮೀಟಿದರೂ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ನುಡಿಸಿ ಮುಗಿಸಿದ ಕೂಡಲೆ, ಕೆಳಗಿಡುವ ಮೊದಲೇ, ಬಿರಡೆಗಳನ್ನು ತಿರುಗಿಸಿ ಶ್ರುತಿ ಕೆಡಿಸಿಬಿಡುತ್ತಿದ್ದರು.

ಟೂಟೂ ಲೂಕಾ ಹೊರಗೆ ನುಡಿಸಲು ಊರಿಗೆ ಗೊತ್ತಿದ್ದ ಶ್ರುತಿಯನ್ನೇ ಬಳಸುತ್ತಿದ್ದಳು. ಮನೆಯ ಶ್ರುತಿ ಬೇರೆ. ಅದರಲ್ಲಿ ಅವಳು ನುಡಿಸುತ್ತಿದ್ದದ್ದು ಒಂದೇ ಹಾಡು, ತನ್ನ ಮಗಳು ಹುಟ್ಟಿದಾಗ ಕಟ್ಟಿದ್ದು. ಆ ಮಗಳು ಒಂದು ಗಂಡುಮಗುವನ್ನು ಹೆತ್ತು ವರ್ಷದೊಳಗೆ ತೀರಿಹೋಗಿದ್ದಳು. ಅಜ್ಜಿ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಇಳಿಬಿಟ್ಟು ಆ ಹಾಡನ್ನು ನುಡಿಸುವಳು. ಮುಗಿದ ಮೇಲೆ ಬಿರಡೆಗಳನ್ನು ತಿರುಗಿಸುವಳು. ಹಾಡಿನ ಗುಂಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ನನ್ನ ತಂತಿಗಳು ಜೋತುಬೀಳುತ್ತಿದ್ದವು. ಊಟದ ನಡುವೆ ಎಲೆ ಎಳೆದ ಹಾಗೆ ಆಗುತ್ತಿತ್ತು. ನನ್ನ ದಣಿವು ಶುರುವಾದದ್ದು ಅಲ್ಲಿಂದ.

ಆ ಮಗುವೇ ಪೆಕೆಲೋ. ಅಜ್ಜಿಯ ಎದುರು ಕೂತು ಕಲಿತ.

"ಕಣ್ಣು ಬಿಡು, ಕಿವಿ ಕೊಡು, ಬಾಯಿ ಮುಚ್ಚು," ಎನ್ನುವಳು ಅಜ್ಜಿ. "ಪ್ರಶ್ನೆ ಕೇಳಿ ಕಲಿಯೋದಲ್ಲ ಮಗಾ ಇದು. ನೋಡಿ ಕಲಿಯೋದು."

ಪೆಕೆಲೋ ಹತ್ತೊಂಬತ್ತನೇ ವಯಸ್ಸಿಗೆ ಸವಾರನಾಗಿದ್ದ. ಒಂದು ದಿನ ಗೂಳಿಗೆ ಹಗ್ಗ ಎಸೆದು ಜೀನಿನ ಗೂಟಕ್ಕೆ ಸುತ್ತುವಾಗ ಬಲಗೈಯ ಕಿರುಬೆರಳು ನಡುವೆ ಸಿಕ್ಕಿ ಮುರಿಯಿತು. ಅಜ್ಜಿಯೇ ಕಟ್ಟು ಹಾಕಿದಳು. ಬೆರಳು ಉಳಿಯಿತು, ಆದರೆ ಹೊರಕ್ಕೆ ಸೊಟ್ಟಗೆ ಕೂಡಿಕೊಂಡಿತು. ಅವನು ನುಡಿಸುವಾಗ ಅದೊಂದು ಬೆರಳು ಉಳಿದವರ ಜೊತೆ ಮುನಿಸಿಕೊಂಡು ದೂರ ನಿಂತ ಹಾಗೆ ಕಾಣುತ್ತಿತ್ತು. ಹಗ್ಗದ ಕೆಲಸ ಅವತ್ತಿಗೇ ಮುಗಿಯಿತು. ಪಟ್ಟಣಕ್ಕೆ ಹೋಗಿ ಹಾಡಿ ಬದುಕುತ್ತೇನೆ ಎಂದ. ಅಜ್ಜಿ ನನ್ನನ್ನು ಅವನ ಕೈಗಿತ್ತಳು.

"ನನ್ನ ಕೈಗಂಟು ಹಿಡ್ಕೊಂಡಿದೆ. ಇದನ್ನ ತಗೊಂಡ್ಹೋಗು. ಮನೆ ಶ್ರುತಿ ಮಾತ್ರ ಮನೆಯೊಳಗೇ ಇರ್ಲಿ. ನಿನ್ನ ಮಕ್ಕಳಲ್ಲಿ ಒಬ್ರಿಗೆ ಕೊಡು, ಬಾಗಿಲು ಹಾಕ್ಕೊಂಡು ಕೊಡು. ಕೊಡದೆ ಮಾತ್ರ ಸಾಯ್ಬೇಡ."

"ಆಯ್ತು ಟೂಟೂ," ಎಂದ ಅವನು. ಹೊರಡುವ ಹುಮ್ಮಸ್ಸಿನಲ್ಲಿದ್ದವನಿಗೆ ಸಾಯುವ ಮಾತು ಎಲ್ಲಿ ನಾಟುತ್ತದೆ!

ಹೊನೊಲುಲುವಿನ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ ಎರಡು ವರ್ಷ ನುಡಿಸಿದೆವು. ಹಡಗಿನಿಂದ ಇಳಿದು ಬಂದ ಅಮೆರಿಕದವರು ಚಪ್ಪಾಳೆ ತಟ್ಟುತ್ತಿದ್ದರು. ಹಾಡು ಮುಗಿಯುವ ಮೊದಲೇ ತಟ್ಟಿದರೂ ಅದು ಚಪ್ಪಾಳೆಯೇ ತಾನೆ. ಅವರಲ್ಲಿ ಒಬ್ಬ ಸಿನಿಮಾದವನಿದ್ದ. ಪೆಕೆಲೋನ ಎತ್ತರ, ಎದೆ, ಹಲ್ಲು ನೋಡಿದ. ಗಿಟಾರನ್ನು ಆಮೇಲೆ ನೋಡಿದ. ಹಾಗೆ ನಾವು ಲಾಸ್ ಏಂಜಲೀಸ್ ಸೇರಿದೆವು.

ಅಲ್ಲಿ ಅವನಿಗೆ "ಪ್ರಿನ್ಸ್ ಪೀಟರ್" ಎಂದು ಹೆಸರಿಟ್ಟರು. ಜೀನು ಹೊಲಿಯುವವಳ ಮೊಮ್ಮಗ ರಾತ್ರೋರಾತ್ರಿ ರಾಜಕುಮಾರನಾದ. ರಾಜಕುಮಾರನಿಗೆ ಕೊಟ್ಟ ಕೆಲಸ ಮಾತ್ರ ಸಾಯುವುದು. ದ್ವೀಪದ ಕಾಡುಮನುಷ್ಯನಾಗಿ ಬಂದೂಕಿಗೆ ಸತ್ತ. ಅರಬನಾಗಿ ಒಂಟೆಯಿಂದ ಬಿದ್ದು ಸತ್ತ. ಒಮ್ಮೆ ನಿಮ್ಮ ದೇಶದವನೂ ಆಗಿದ್ದ. ತಲೆಗೆ ಸ್ನಾನದ ಟವೆಲ್ ಸುತ್ತಿ, ಕಿವಿಗೆ ಕಿಟಕಿ ಪರದೆಯ ಬಳೆ ಸಿಕ್ಕಿಸಿ, ಆನೆಯ ಕಾಲಡಿಗೆ ತಳ್ಳಿದರು. ಒಟ್ಟು ನಲವತ್ತೊಂದು ಸಲ ಸತ್ತ. ಮಾತು ಒಂದೂ ಇರಲಿಲ್ಲ. ಬಾಯಿ ತೆರೆದರೆ ಕೂಗಬೇಕು, ಇಲ್ಲವೆ ಹಾಡಬೇಕು.

ಸೆಟ್ಟಿನಲ್ಲಿ ಲೋಕದ ಶ್ರುತಿ. ಬಾಡಿಗೆ ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಅಜ್ಜಿಯ ಶ್ರುತಿ. ಆಗ ಮಾತ್ರ ಅವನು ಪೆಕೆಲೋ ಆಗುತ್ತಿದ್ದ, ನಾನು ನಾನಾಗುತ್ತಿದ್ದೆ. ಕಾಲು ಗಂಟೆಯ ಸುಖ. ಮತ್ತೆ ಬಿರಡೆ, ಮತ್ತೆ ಜೋಲು ತಂತಿ.

ಇನ್ನು ಆ ದಿನದ ಕಥೆ. ಸಿನಿಮಾ ಮಾತಾಡಲು ಕಲಿತ ಹೊಸದು. ಹಡಗಿನ ಮೇಲೆ ಹೀರೋ ಗಿಟಾರು ನುಡಿಸಿ ಹೀರೋಯಿನ್ನನ್ನು ಒಲಿಸುವ ದೃಶ್ಯ. ಹೀರೋಗೆ ಗಿಟಾರಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ಡೈರೆಕ್ಟರ್ ಪೆಕೆಲೋನನ್ನು ಕರೆದ.

"ನಿನ್ನ ಮುಖ ಬೇಡ, ಕೈ ಸಾಕು," ಎಂದ. "ಯಾರೂ ಕೇಳಿರ್ಬಾರದು, ಅಂಥದ್ದೊಂದು ನುಡಿಸು."

ಹೀರೋಗೆ ಒಂದು ದೊಗಳೆ ಕೋಟು ಹಾಕಿಸಿದರು. ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದರು. ಪೆಕೆಲೋ ಅವನ ಬೆನ್ನಿಗೆ ಅಂಟಿ, ಕೋಟಿನೊಳಗೆ ತಲೆ ಹುದುಗಿಸಿ ಕೂತು, ತನ್ನ ಕೈಗಳನ್ನು ಕೋಟಿನ ತೋಳುಗಳಲ್ಲಿ ತೂರಿಸಿದ. ಆ ಕಂದು ಕೈಗಳಿಗೆ ಮೇಕಪ್ಪಿನವಳು ಮೊಳಕೈವರೆಗೆ ಬಿಳಿ ಬಣ್ಣ ಬಳಿದಳು. ನಾನು ಹೀರೋನ ತೊಡೆಯ ಮೇಲಿದ್ದೆ. ಮುಖ ಅವನದು, ಕೈ ಇವನದು, ಬಣ್ಣ ಯಾರದೋ.

ಬಿಳಿ ಬೆರಳುಗಳು ನನ್ನ ಬಿರಡೆಗೆ ಬಂದವು. ಒಂದು ತಂತಿ ಇಳಿಯಿತು, ಇನ್ನೊಂದು ಇಳಿಯಿತು. ಅಯ್ಯೋ, ಇದು ಅಜ್ಜಿಯ ಶ್ರುತಿ! ಬೇಡ ಕಣೋ ಎಂದು ಕೂಗೋಣವೆಂದರೆ ನನಗೆಲ್ಲಿಯ ಬಾಯಿ. ಅವನು ಯಾಕೆ ಹಾಗೆ ಮಾಡಿದ ಎಂದು ಆಮೇಲೆ ವರ್ಷಗಟ್ಟಲೆ ಯೋಚಿಸಿದ್ದೇನೆ. ಕೋಟಿನೊಳಗೆ ಕತ್ತಲಿತ್ತು. ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಕೈಗಳೂ ಅವನವಾಗಿ ಉಳಿದಿರಲಿಲ್ಲ. ಇದೂ ಬಾಗಿಲು ಹಾಕಿದ ಹಾಗೇ ಅಂದುಕೊಂಡ, ಪಾಪ. ಅಲ್ಲದೆ ಸಿನಿಮಾದಿಂದ ಸಿನಿಮಾಕ್ಕೆ ಸಾಯುತ್ತಲೇ ಇದ್ದವನಿಗೆ ಒಮ್ಮೆಯಾದರೂ ನಿಜವಾಗಿ ಏನಾದರೂ ನುಡಿಸಬೇಕು ಅನ್ನಿಸಿರಬೇಕು. ತಾಯಿಯ ಹಾಡನ್ನು ಪೂರ್ತಿ ನುಡಿಸಿದ. ಮೇಕಪ್ಪಿನವಳು ಕಣ್ಣೊರೆಸಿಕೊಂಡಳು. ಡೈರೆಕ್ಟರ್ "ಭೇಷ್" ಎಂದು ಹೀರೋನ ಭುಜ ತಟ್ಟಿದ.

ಆ ಸಿನಿಮಾ ಹಡಗು ಹತ್ತಿ ಹಿಲೋ ಮುಟ್ಟಲು ಒಂದು ವರ್ಷ ಹಿಡಿಯಿತು. ಗಿಟಾರಿರುವ ಸಿನಿಮಾ, ಮೊಮ್ಮಗ ಇದ್ದೇ ಇರುತ್ತಾನೆಂದು ಅಕ್ಕಪಕ್ಕದವರು ಟೂಟೂ ಲೂಕಾಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಥಿಯೇಟರಿಗೆ ಕರೆದೊಯ್ದರಂತೆ. ಆಮೇಲೆ ಅವಳಿಂದ ಒಂದು ಕಾಗದ ಬಂತು, ಬೇರೆಯವರ ಕೈಯಲ್ಲಿ ಬರೆಸಿದ್ದು. ಅದರಲ್ಲಿ ಎರಡೇ ಸಾಲು.

"ಕೇಳಿದೆ. ಬಾಗಿಲು ಹಾಕಿರಲಿಲ್ಲ."

ಪೆಕೆಲೋ ಉತ್ತರ ಬರೆಯಲು ನಾಲ್ಕು ಸಲ ಕೂತ, ನಾಲ್ಕು ಸಲವೂ ಹರಿದ. ಐದನೆಯ ಸಲ ಕೂರುವ ಮೊದಲೇ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಅವನು ನನ್ನ ಆರೂ ತಂತಿಗಳನ್ನು ಸಡಿಲಿಸಿ, ಪೆಟ್ಟಿಗೆಯಲ್ಲಿಟ್ಟು, ಮಂಚದಡಿಗೆ ನೂಕಿದ. ಆ ಶ್ರುತಿಯನ್ನು ಮತ್ತೆ ಮುಟ್ಟಲಿಲ್ಲ. ಸಿನಿಮಾ ಕೆಲಸಕ್ಕೆ ಬೇರೆ ಗಿಟಾರು ತಂದ. ಆ ಎರಡು ಸಾಲು ಬೈಗುಳವೋ, ಬರೀ ಕಂಡ ಮಾತೋ, ನನಗಂತೂ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯನ್ನು ನಾನು ಬಲ್ಲೆ. ಬೈಯಬೇಕಿದ್ದರೆ ಎರಡು ಸಾಲಿಗೆ ನಿಲ್ಲುವವಳಲ್ಲ ಅವಳು. ಆದರೆ ಅವನು ಅದನ್ನು ಶಾಪವೆಂದೇ ತಿಳಿದ.

ಮುಂದೆ ಮದುವೆಯಾದ. ಮೋಮಿ ಎಂಬ ಮಗಳು ಹುಟ್ಟಿದಳು, ಒಬ್ಬಳೇ ಮಗಳು. ಮಂಚದಡಿಯ ಪೆಟ್ಟಿಗೆಯ ಸಂದಿಯಿಂದ ನಾನು ಅವಳ ಅಂಬೆಗಾಲನ್ನು ನೋಡಿದೆ, ಆಮೇಲೆ ಶಾಲೆಯ ಬೂಟನ್ನು, ಆಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು. ಅಪ್ಪನ ಇನ್ನೊಂದು ಗಿಟಾರಿನಲ್ಲಿ ಅವಳು ಚೆನ್ನಾಗಿಯೇ ಕಲಿತಳು. ಪೆಕೆಲೋ ಗಡ್ಡ ಹೆರೆಯುವಾಗ ತನ್ನ ತಾಯಿಯ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದ. ಗುನುಗುತ್ತಿದ್ದೇನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಮೋಮಿಗೆ ಗೊತ್ತಿತ್ತು.

"ಪಪ್ಪಾ, ಆ ಹಾಡು ನಂಗೆ ಹೇಳ್ಕೊಡು. ಈ ಗಿಟಾರಲ್ಲಿ ಅದು ಕೂರ್ತಾನೇ ಇಲ್ಲ."

"ಅದು ಬೇರೆ ಶ್ರುತಿ."

"ಆ ಶ್ರುತೀನೇ ಹೇಳ್ಕೊಡು."

"ಅದು ಈಗ ನಂದಲ್ಲ ಮಗಳೇ. ನಂದಲ್ಲದ್ದನ್ನ ನಿಂಗೆ ಹೇಗೆ ಕೊಡ್ಲಿ?"

ಹತ್ತು ವರ್ಷಕ್ಕೆ ಕೇಳಿದಳು, ಇಪ್ಪತ್ತಕ್ಕೆ ಕೇಳಿದಳು, ಮೂವತ್ತಕ್ಕೂ ಕೇಳಿದಳು. ಉತ್ತರ ಬದಲಾಗಲಿಲ್ಲ. ನನಗೋ, ಪೆಟ್ಟಿಗೆಯೊಳಗೆ ಕೂತು ಹೊಟ್ಟೆ ಉರಿಯುತ್ತಿತ್ತು. ತಪ್ಪು ಮಾಡಿದವನು ಅವನು, ಶಿಕ್ಷೆ ಅವನ ಮಗಳಿಗೂ ನನಗೂ. ಕೊಡದೆ ಸಾಯಬೇಡ ಎಂದವಳ ಮಾತನ್ನು ಮರೆತು, ಬಾಗಿಲು ಹಾಕು ಎಂದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದ.

ಕೂದಲು ನರೆತ ಮೇಲೆ ಸಾಯುವ ಪಾತ್ರಕ್ಕೂ ಅವನನ್ನು ಕರೆಯುವವರಿಲ್ಲದಾದರು. ಪ್ರಿನ್ಸ್ ಪೀಟರ್ ಒಂದು ಆಸ್ಪತ್ರೆಯ ತೋಟಕ್ಕೆ ನೀರು ಹಾಕುವ ಕೆಲಸ ಹಿಡಿದ. ಅರುವತ್ತೆರಡನೇ ವಯಸ್ಸಿನಲ್ಲಿ ಅದೇ ತೋಟದಲ್ಲಿ ಬಿದ್ದ. ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಮಲಗಿದಲ್ಲಿ ಮಲಗಿಕೊಂಡು ಏನು ಲೆಕ್ಕ ಹಾಕಿದನೋ, ಒಂದು ಸಂಜೆ ಎಡಗೈಯಿಂದ ಮಂಚದ ಅಡಿಯನ್ನು ತೋರಿಸಿದ. ಮೋಮಿ ನನ್ನನ್ನು ಹೊರಗೆಳೆದಳು. ಅವನ ಎದೆಯ ಮೇಲೆ ಒರಗಿಸಿ ಹಿಡಿದಳು. ಅವನು ಎಡಗೈಯಲ್ಲಿ ಬಿರಡೆ ತಿರುಗಿಸಿದ. ಒಂದು ತಂತಿ ಸರಿಯಾದ ಜಾಗಕ್ಕೆ ಬಂತು. ನನಗೆ ಮೈ ಜುಮ್ಮೆಂದಿತು. ಎರಡನೆಯದೂ ಬಂತು. ಮೂರನೆಯದನ್ನು ಬಿಗಿಯುವಾಗ ಮೂವತ್ತೇಳು ವರ್ಷ ತುಕ್ಕು ತಿಂದ ತಂತಿ ಫಟ್ಟೆಂದು ಹರಿಯಿತು. ಅವನು ನನ್ನ ಮೇಲೆ ಕೈ ಇಟ್ಟುಕೊಂಡು ಅತ್ತ. ಮೋಮಿ ಹೊಸ ತಂತಿ ತರಲು ಮರುದಿನ ಅಂಗಡಿಗೆ ಹೋದಳು. ಅವಳು ಬರುವಷ್ಟರಲ್ಲಿ ಅವನಿರಲಿಲ್ಲ.

ಮೋಮಿ ಅಪ್ಪನ ಬೂದಿಯನ್ನೂ ನನ್ನನ್ನೂ ಹಿಲೋಗೆ ತಂದಳು. ಅಲ್ಲೇ ನಿಂತಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ತೋಶಿ ಎಂಬ ಜಪಾನಿ ಮೂಲದ ಮೀನುಗಾರನ ಜೊತೆ ಸಂಸಾರ. ನನ್ನನ್ನು ಗೋಡೆಗೆ ತೂಗುಹಾಕಿದಳು. ಎಷ್ಟೋ ಶ್ರುತಿಗಳನ್ನು ಮಾಡಿ ನೋಡಿದಳು, ಯಾವುದರಲ್ಲೂ ಆ ಹಾಡು ಕೂರಲಿಲ್ಲ. ಉಳಿದದ್ದು ಅವನ ಗುನುಗು ಮಾತ್ರ, ಅದೂ ಅವಳ ತಲೆಯೊಳಗೆ. ಶ್ರುತಿ ಇದ್ದದ್ದು ನನ್ನೊಬ್ಬನ ಮರದೊಳಗೆ. ನಾನು ಹೇಳಲಾರೆ, ಅವಳು ಕೇಳಲಾರಳು. ಹೀಗೆ ಹದಿನೇಳು ವರ್ಷ ಕಳೆದವು. ನಾನು ಆಸೆ ಬಿಟ್ಟು ಹುಳಗಳಿಗೆ ಮೈಕೊಟ್ಟೆ.

ಈಗ ಹೋದ ತಿಂಗಳ ಮಾತು. ಮಧ್ಯಾಹ್ನ ಮೋಮಿ ಬಟ್ಟೆ ಮಡಚುತ್ತಿದ್ದಳು. ಟಿವಿಯಲ್ಲಿ ಯಾವುದೋ ಹಳೆಯ ಕಪ್ಪುಬಿಳುಪು ಸಿನಿಮಾ ತನ್ನಷ್ಟಕ್ಕೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಬೆನ್ನು ಕಂಪಿಸಿತು. ನನ್ನದೇ ದನಿ! ಮೋಮಿಯ ಕೈಯಿಂದ ಅಂಗಿ ಜಾರಿತು.

"ತೋಶಿ! ಬಾ ಇಲ್ಲಿ! ಪಪ್ಪನ ಹಾಡು!"

ಅವನು ಬಲೆ ಬಿಟ್ಟು ಓಡಿಬಂದ. ಪರದೆಯ ತುಂಬ ಎರಡು ಬೆಳ್ಳನೆಯ ಕೈಗಳಿದ್ದವು.

"ಯಾರೋ ಬಿಳಿಯ ಕಣೆ ಅದು," ಎಂದ ತೋಶಿ.

"ಬಲಗೈ ಕಿರುಬೆರಳು ನೋಡು."

ಸೊಟ್ಟ ಬೆರಳು ಉಳಿದವರ ಜೊತೆ ಮುನಿಸಿಕೊಂಡು ದೂರ ನಿಂತಿತ್ತು. ಅಪ್ಪ ಸತ್ತ ನಲವತ್ತೊಂದು ಸಿನಿಮಾಗಳ ಹೆಸರೂ ಅವಳಿಗೆ ಬಾಯಿಪಾಠ. ಇದೊಂದರ ಹೆಸರನ್ನು ಮಾತ್ರ ಅವನು ಎಂದೂ ಹೇಳಿರಲಿಲ್ಲ.

ಮೋಮಿ ಟಿವಿ ಕಚೇರಿಗೆ ಫೋನು ಮಾಡಿದಳು. ಶನಿವಾರ ಬೆಳಿಗ್ಗೆ ಮತ್ತೆ ಹಾಕುತ್ತೇವೆ ಎಂದರು. ತೋಶಿ ತಮ್ಮನ ಮನೆಯಿಂದ ವಿಡಿಯೋ ಯಂತ್ರ ಹೊತ್ತುತಂದು ಕ್ಯಾಸೆಟ್ಟಿಗೆ ಇಳಿಸಿಕೊಂಡ. ಅವಳು ನನ್ನನ್ನು ಗೋಡೆಯಿಂದ ಇಳಿಸಿ, ಹೊಸ ತಂತಿ ಹಾಕಿ, ಟಿವಿಯ ಮುಂದೆ ಚಾಪೆ ಹಾಕಿಕೊಂಡು ಕೂತಳು. ಎಡಗೈ ಬೆರಳು ನನ್ನ ಕತ್ತಿನ ಯಾವ ಪಟ್ಟಿಯ ಮೇಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಯಾವ ಸ್ವರ ಬಂತು ಎಂಬುದು ಕಿವಿಗೆ ಕೇಳುತ್ತದೆ. ಎರಡನ್ನೂ ಕೂಡಿಸಿದರೆ ತಂತಿ ಎಷ್ಟು ಇಳಿಯಬೇಕೆಂದು ತಿಳಿಯುತ್ತದೆ. ಅಪ್ಪ ಬದುಕಿರುವಾಗ ಕೊಡದ ಪಾಠವನ್ನು ಈಗ ಕೊಡುತ್ತಿದ್ದ. ಬಾಯಿಲ್ಲ, ಮುಖವಿಲ್ಲ, ಕೈ ಮಾತ್ರ.

"ಮತ್ತೆ ಹಿಂದಕ್ಕಾ? ಆ ಟೇಪು ಹರಿದು ಹೋಗತ್ತೆ ಮಾರಾಯ್ತಿ," ಎಂದ ತೋಶಿ ಮೂರನೆಯ ದಿನ.

"ಹರೀಲಿ. ಇನ್ನೆರಡು ತಂತಿ ಉಳಿದಿದೆ."

ಐದನೆಯ ತಂತಿಯಲ್ಲಿ ಅವಳು ಎರಡು ದಿನ ತಪ್ಪಿದಳು. ಇನ್ನೂ ಸ್ವಲ್ಪ ಇಳಿಸೇ, ಇನ್ನೊಂದು ಕೂದಲಿನಷ್ಟು, ಎಂದು ಒಳಗೊಳಗೇ ಕೂಗಿಕೊಂಡೆ. ಹೋದ ಗುರುವಾರ ಅವಳ ಬೆರಳು ಆ ಕೂದಲಿನಷ್ಟನ್ನು ತಿರುಗಿಸಿತು. ಆರೂ ತಂತಿಗಳನ್ನು ಒಟ್ಟಿಗೆ ಮೀಟಿದಳು. ಐವತ್ತನಾಲ್ಕು ವರ್ಷ ನನ್ನೊಳಗೆ ಕೂತಿದ್ದದ್ದು ಹೊರಗೆ ಬಂತು. ಮೋಮಿ ಬಾಯಿಗೆ ಕೈ ಒತ್ತಿಕೊಂಡಳು. ತೋಶಿ ಟಿವಿ ಆರಿಸಿದ.

ಅವಳು ನುಡಿಸಿದಳು. ಸೌಟು ಹಿಡಿದು ಒರಟಾದ ಬೆರಳುಗಳು, ಟೂಟೂ ಲೂಕಾಳ ಬೆರಳುಗಳ ಹಾಗೇ. ಎರಡು ಕಡೆ ತಪ್ಪಿದಳು. ಆದರೂ ಹಾಡು ಕೂತಿತು. ನಾನೂ ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮುಗಿದ ಮೇಲೆ ಅವಳ ಕೈ ಬಿರಡೆಗಳ ಕಡೆ ಹೋಯಿತು. ಪದ್ಧತಿ ಅವಳಿಗೂ ಗೊತ್ತು. ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ ಆ ಎರಡು ಸಾಲಿನ ಕಾಗದವೂ ಅವಳ ಬಳಿ ಇದೆ. ನಾನು ಜೋತುಬೀಳಲು ತಯಾರಾದೆ. ಇಷ್ಟು ವರ್ಷಗಳ ಅಭ್ಯಾಸ.

ಕೈ ಬಿರಡೆಯ ಮೇಲೆ ಸುಮಾರು ಹೊತ್ತು ನಿಂತಿತು. ಆಮೇಲೆ ಹಿಂದಕ್ಕೆ ಬಂತು. ಅವಳು ನನ್ನನ್ನು ಶ್ರುತಿ ಸಮೇತ ಕುರ್ಚಿಯ ಮೇಲೆ ಒರಗಿಸಿ, ಎದ್ದುಹೋಗಿ ಬೀದಿಯ ಬಾಗಿಲು ತೆರೆದಳು. ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ಕೂಗಿದಳು, "ಏನ್ ಮೋಮಿ ಅದು? ಯಾರದ್ದು ಆ ಹಾಡು?"

"ನಮ್ಮ ಮುತ್ತಜ್ಜೀದು," ಎಂದಳು ಮೋಮಿ. "ಒಳಗ್ಬಾ. ನೀನೂ ಮೀಟಿ ನೋಡು."

ಅಂದಿನಿಂದ ಒಂದು ವಾರ, ಹಗಲೂ ರಾತ್ರಿ, ನನ್ನ ತಂತಿಗಳು ಬಿಗಿಯಾಗಿಯೇ ಇವೆ. ಈ ವಯಸ್ಸಿಗೆ ಇದು ತಡೆಯುವ ಎಳೆತವಲ್ಲ. ಬೆನ್ನಿನ ಬಿರುಕು ಒಂದು ಬೆರಳಿನಷ್ಟು ಮುಂದಕ್ಕೆ ಹೋಗಿದೆ, ಕತ್ತು ಮೊದಲಿಗಿಂತ ಹೆಚ್ಚು ನೋಯುತ್ತದೆ. ಒಂದು ದಿನ ಎರಡು ಹೋಳಾಗುತ್ತೇನೆ, ನನಗೆ ಗೊತ್ತು. ಆಗಲಿ. ಅಲ್ಲಿಯವರೆಗೆ ದಯವಿಟ್ಟು ಯಾರೂ ನನ್ನ ಬಿರಡೆ ಮುಟ್ಟಬೇಡಿ.